ಕೋಟೆಯೊಳಗೊಂದು ಚರ್ಚು

ಮಡಿಕೇರಿ ಕೋಟೆಯ ಬಾಗಿಲು ದಾಟಿದ ಮಕ್ಕಳು ಮೊದಲು ಓಡುವುದು ಗಾರೆಯ ಜೋಡಿ ಆನೆಗಳ ಬಳಿಗೆ. ಮೂಲೆಯಲ್ಲಿರುವ ಗಾಥಿಕ್ ಶೈಲಿಯ ಕಟ್ಟಡ ಕಣ್ಣಿಗೆ ಬೀಳುವುದು ಆಮೇಲೆ. ಅದೇ ಸೇಂಟ್ ಮಾರ್ಕ್ಸ್ ಚರ್ಚು.

1834ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು. ಕಡಲಾಚೆಯಿಂದ ಬಂದ ಅಧಿಕಾರಿಗಳಿಗೆ ಈ ಮಳೆ, ಮಂಜು, ಕಾಡಿನ ನಡುವೆ ಭಾನುವಾರ ಒಟ್ಟಿಗೆ ಸೇರಿ ತಮ್ಮ ಭಾಷೆಯಲ್ಲಿ ಪ್ರಾರ್ಥಿಸಲು ಒಂದು ಜಾಗ ಬೇಕಾಯಿತು. 1850ರ ದಶಕದಲ್ಲಿ ಕೋಟೆಯೊಳಗಿದ್ದ ವೀರಭದ್ರನ ಗುಡಿಯನ್ನು ಕೆಡವಿ ಚರ್ಚು ಕಟ್ಟಿದರು. ಬಂದವರ ನೆಮ್ಮದಿಗಾಗಿ ಊರ ದೇವರು ಜಾಗ ಬಿಡಬೇಕಾಯಿತು.

ಅದೇ ದಶಕದಲ್ಲಿ ಪದಚ್ಯುತ ದೊರೆ ಚಿಕ್ಕ ವೀರರಾಜೇಂದ್ರ ಇಂಗ್ಲೆಂಡಿನಲ್ಲಿ ಪರದೇಶಿಯಾಗಿದ್ದ. 1852ರಲ್ಲಿ ಅವನ ಮಗಳು ಗೌರಮ್ಮನಿಗೆ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ದೀಕ್ಷಾಸ್ನಾನವಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. ದೊರೆ 1859ರಲ್ಲಿ, ಗೌರಮ್ಮ 1864ರಲ್ಲಿ ಅಲ್ಲಿಯೇ ತೀರಿಕೊಂಡರು. ಗೌರಮ್ಮನ ಸಮಾಧಿ ಲಂಡನ್ನಿನಲ್ಲಿದೆ.

ಸ್ವಾತಂತ್ರ್ಯ ಬಂದ ಮೇಲೆ ಮಡಿಕೇರಿಯ ಈ ಚರ್ಚಿನಲ್ಲಿ ಪ್ರಾರ್ಥನೆ ನಿಂತಿತು. 1971ರಲ್ಲಿ ಪುರಾತತ್ವ ಇಲಾಖೆ ಇದನ್ನು ವಹಿಸಿಕೊಂಡಿತು, ಕಟ್ಟಡ ವಸ್ತುಸಂಗ್ರಹಾಲಯವಾಯಿತು. ಬಣ್ಣದ ಗಾಜಿನ ಕಿಟಕಿಗಳಿರುವ ಆ ಗೋಡೆಗಳ ನಡುವೆ ವೀರಗಲ್ಲುಗಳು, ಜೈನ ವಿಗ್ರಹಗಳು, ಹಳೆಯ ಆಯುಧಗಳು ಬಂದು ಕೂತವು.

ಆನೆಗಳ ಮುಂದೆ ಫೋಟೊ ತೆಗೆಸಿಕೊಂಡು ಹಿಂದಿರುಗುವ ತಂದೆತಾಯಿಯರು ಮಕ್ಕಳನ್ನು ಈ ಮೂಲೆಗೂ ಕರೆತರಬೇಕು. ಪರನಾಡಿನಲ್ಲಿ ತಮ್ಮ ದೇವರಿಗೆ ಮನೆ ಕಟ್ಟಿಕೊಂಡವರ ಕಥೆ ಒಂದು; ಗುಡಿಯನ್ನೂ ನಾಡನ್ನೂ ಕಳೆದುಕೊಂಡವರ ಕಥೆ ಇನ್ನೊಂದು. ಎರಡನ್ನೂ ಒಟ್ಟಿಗೆ ಕೇಳಿದ ಮಗುವಿಗೆ 1834 ಬರೀ ಪರೀಕ್ಷೆಯ ಇಸವಿಯಾಗಿ ಉಳಿಯುವುದಿಲ್ಲ.