ಹಿಂದಿರುಗಿಸದ ಬೀಗದ ಕೈ

ಮೂರು ತಿಂಗಳಿಗೊಮ್ಮೆ ನನ್ನ ಮೇಲ್‌ಗೆ ಒಂದು ಎಕ್ಸೆಲ್ ಹಾಳೆ ಬರುತ್ತದೆ. ನಮ್ಮ ಆಫೀಸಿನಲ್ಲಿ ಬಿಲ್ ಪಾವತಿಗೆಂದು ಇರುವ ಅಪ್ಲಿಕೇಶನ್ನಿನೊಳಗೆ ಯಾರ್ಯಾರು ಹೋಗಬಹುದು, ಹೋದವರು ಏನೇನು ಮಾಡಬಹುದು ಎಂಬ ಪಟ್ಟಿ ಅದು. ಹೆಸರು, ರೋಲ್, ಕೊನೆಯ ಸಲ ಲಾಗಿನ್ ಆದ ದಿನ. ಆಮೇಲೆ ಒಂದು ಖಾಲಿ ಕಾಲಂ. ಅದರ ಉಸ್ತುವಾರಿ ನನ್ನದಾದ್ದರಿಂದ ಪ್ರತಿ ಹೆಸರಿನ ಮುಂದೆ ‘ಇರಲಿ’ ಅಥವಾ ‘ತೆಗೆಯಿರಿ’ ಎಂದು ತುಂಬಿ ಕಳಿಸಬೇಕು. ಯೂಸರ್ ಆಕ್ಸೆಸ್ ರಿವ್ಯೂ ಎಂದು ಇದಕ್ಕೆ ದೊಡ್ಡ ಹೆಸರು.

ನಿಜ ಹೇಳಬೇಕೆಂದರೆ, ಮೊದಲ ಸಾಲಿನಲ್ಲಿ ‘ಇರಲಿ’ ಎಂದು ಬರೆದು ಅದನ್ನೇ ಕೆಳಗಿನವರೆಗೂ ಎಳೆದುಬಿಡುತ್ತಿದ್ದೆ. ನೂರೈವತ್ತು ಹೆಸರು, ಅರ್ಧ ನಿಮಿಷದ ಕೆಲಸ. ಯಾರನ್ನಾದರೂ ತೆಗೆದರೆ ಮರುದಿನವೇ ಜಗಳದ ಫೋನು. ಇಟ್ಟುಕೊಂಡರೆ ಯಾರೂ ಏಕೆಂದು ಕೇಳುವುದಿಲ್ಲ.

ಕಳೆದ ಸಲ ಪಟ್ಟಿ ಬಂದಾಗ ಜ್ವರದ ರಜೆ ಮುಗಿಸಿ ಆಗತಾನೇ ಬಂದಿದ್ದೆ. ಬೇರೆ ಕೆಲಸವಿರಲಿಲ್ಲ. ಒಂದೊಂದೇ ಸಾಲು ಓದುತ್ತಾ ಹೋದೆ. ಕೆಲಸ ಬಿಟ್ಟು ವರ್ಷವಾದವರೊಬ್ಬರು ಇನ್ನೂ ಅಲ್ಲಿದ್ದರು. ಬೇರೆ ವಿಭಾಗಕ್ಕೆ ಹೋದ ನಾಲ್ವರು ಹಳೆಯ ರೋಲಿನ ಜೊತೆಗೇ ಹೋಗಿದ್ದರು. ಎಂಥ ಅಜಾಗರೂಕತೆ ಎಂದು ತಲೆಯಾಡಿಸುತ್ತಿದ್ದವಳು ನನ್ನದೇ ಹೆಸರಿನ ಮುಂದೆ ನಿಂತೆ. ಅದು ಎರಡು ಸಾಲಿನಲ್ಲಿತ್ತು. ಒಂದರಲ್ಲಿ ‘ಬಿಲ್ ನಮೂದಿಸುವವರು’, ಇನ್ನೊಂದರಲ್ಲಿ ‘ಬಿಲ್ ಮಂಜೂರು ಮಾಡುವವರು’.

ಇವೆರಡೂ ಒಬ್ಬರ ಬಳಿ ಇರಬಾರದು. ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಮೇಕರ್, ಚೆಕರ್ ಎಂದರೆ ಸಾಕು, ಅರ್ಥವಾಗುತ್ತದೆ. ಬರೆಯುವ ಕೈ ಬೇರೆ, ನೋಡುವ ಕಣ್ಣು ಬೇರೆ. ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ ಕೊಡಿ ಎಂದು ಸಾಲ್ಟ್ಜರ್ ಮತ್ತು ಶ್ರೋಡರ್ ಎಂಬಿಬ್ಬರು ಕಂಪ್ಯೂಟರ್ ವಿಜ್ಞಾನಿಗಳು 1975ರಲ್ಲೇ ಬರೆದಿದ್ದರು. 1992ರಲ್ಲಿ ಅಮೆರಿಕದ ಫೆರಾಯೋಲೊ ಮತ್ತು ಕುನ್, ಅಧಿಕಾರವನ್ನು ವ್ಯಕ್ತಿಗಲ್ಲ, ರೋಲಿಗೆ ಕೊಡುವ ಪದ್ಧತಿಯನ್ನು ವಿವರಿಸಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಬೀಗದ ಕೈ ಕುರ್ಚಿಯದು. ಕುರ್ಚಿ ಬಿಟ್ಟು ಎದ್ದರೆ ಅದೂ ಅಲ್ಲೇ ಉಳಿಯಬೇಕು.

ನಾನು ಎದ್ದಿದ್ದೆ, ಬೀಗದ ಕೈ ಮಾತ್ರ ನನ್ನಲ್ಲೇ ಉಳಿದಿತ್ತು. ಎರಡು ವರ್ಷದ ಹಿಂದೆ ಸಹೋದ್ಯೋಗಿಯೊಬ್ಬರು ಹೆರಿಗೆ ರಜೆಗೆ ಹೋದಾಗ ಆರು ತಿಂಗಳ ಮಟ್ಟಿಗೆಂದು ಅವರ ರೋಲ್ ನನಗೆ ಕೊಟ್ಟಿದ್ದರು. ಅವರು ಬಂದರು, ಅವರ ಮಗು ಈಗ ಮನೆ ತುಂಬಾ ಓಡಾಡುತ್ತದೆ. ಅವರು ಬಂದ ಮೇಲೂ ನನ್ನ ಹೆಸರಿನ ಮುಂದೆ ಆರು ಸಲ ನಾನೇ ‘ಇರಲಿ’ ಎಂದು ಬರೆದಿದ್ದೆ.

ಏನೂ ಆಗಿಲ್ಲವಲ್ಲ ಎಂದು ಸಮಾಧಾನಕ್ಕೆ ಲಾಗ್ ತೆಗೆದು ನೋಡಿದೆ. ಆಗಿತ್ತು. ಒಂದು ಮಾರ್ಚ್ 31ರ ರಾತ್ರಿ ಹನ್ನೊಂದರ ಹೊತ್ತಿಗೆ ಒಂದು ಟ್ಯಾಕ್ಸಿ ಬಿಲ್. ನಮೂದಿಸಿದ್ದು ನಾನು, ಮಂಜೂರು ಮಾಡಿದ್ದೂ ನಾನು, ನಡುವೆ ಒಂದೂವರೆ ನಿಮಿಷ. ವರ್ಷದ ಲೆಕ್ಕ ಮುಗಿಸುವ ಅವಸರ. ಬಿಲ್ ಸುಳ್ಳಲ್ಲ. ಆದರೆ ಅದು ಸುಳ್ಳಲ್ಲ ಎಂದು ನನ್ನನ್ನು ಬಿಟ್ಟು ಬೇರೆ ಯಾರೂ ನೋಡಿರಲಿಲ್ಲ. ಮಾಡಿದ್ದು ನನಗೆ ನೆನಪೂ ಇರಲಿಲ್ಲ.

ಮೇಲಿನವರಿಗೆ ಹೇಳಿದೆ. ‘ರೋಲ್ ತೆಗೆಸಿಬಿಡಿ, ಬರೆದು ಯಾಕೆ ಮೈಮೇಲೆ ಎಳ್ಕೊಳ್ತೀರಿ?’ ಎಂದರು. ಒಳ್ಳೆಯ ಮಾತೇ. ರಾತ್ರಿಯೆಲ್ಲ ಅದನ್ನೇ ಯೋಚಿಸಿದೆ.

ಆಗ ಅಜ್ಜಿ ನೆನಪಾದಳು. ಅವಳ ಸೊಂಟದಲ್ಲಿ ಸದಾ ಒಂದು ಬೀಗದ ಕೈ ಗೊಂಚಲು. ಒಮ್ಮೆ ಹಬ್ಬದ ಮುಂಚೆ ಹುಣಸೆಹಣ್ಣು ಹಾಕಿ ಅದನ್ನು ತಿಕ್ಕುವಾಗ ನಮ್ಮ ಮನೆಯ ಯಾವ ಬೀಗಕ್ಕೂ ಸೇರದ್ದೊಂದು ಸಿಕ್ಕಿತು. ಪಕ್ಕದ ಮನೆಯವರು ಎಂದೋ ಕಾಶಿಗೆ ಹೋಗುವಾಗ ಕೊಟ್ಟದ್ದು. ಒದ್ದೆ ಕೈಯಲ್ಲೇ ಎದ್ದು ಹೋಗಿ ಕೊಟ್ಟು ಬಂದಳು. ನಾನೂ ಸೆರಗು ಹಿಡಿದು ಹೋಗಿದ್ದೆ. ‘ಆ ಬೀಗ ಬದಲಾಯಿಸಿ ಯಾವ ಕಾಲವಾಯ್ತು ಮಾರಾಯ್ತಿ!’ ಎಂದು ಅವರು ನಕ್ಕರು. ಅಜ್ಜಿ ನಗಲಿಲ್ಲ. ‘ಬದಲಾದ್ದು ನಿಮಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲವಲ್ಲ’ ಎಂದಳು.

ನನ್ನ ವಿಷಯದಲ್ಲಿ ಬೀಗವೂ ಬದಲಾಗಿರಲಿಲ್ಲ. ಬೆಳಿಗ್ಗೆ ಬಿಲ್ಲಿನ ಸಂಖ್ಯೆ ಸಮೇತ ಎಲ್ಲವನ್ನೂ ಬರೆದು ಆಡಿಟ್ಟಿನವರಿಗೆ ಕಳಿಸಿದೆ. ವಿವರಣೆ ಕೇಳಿದರು, ಕೊಟ್ಟೆ. ವರದಿಯಲ್ಲಿ ಒಂದು ಲೋಪ ಎಂದು ದಾಖಲಾಯಿತು. ಮರುವಾರ ಅಪ್ಲಿಕೇಶನ್ ತೆರೆದರೆ ‘ಮಂಜೂರು’ ಎಂಬ ಹಸಿರು ಬಟನ್ ಇರಲಿಲ್ಲ. ಬೆರಳು ಅಭ್ಯಾಸಬಲದಿಂದ ಆ ಮೂಲೆಗೇ ಹೋಯಿತು. ಸಣ್ಣದಾಗಿ ಬೇಸರವೂ ಆಯಿತೆಂದು ಒಪ್ಪಿಕೊಳ್ಳುತ್ತೇನೆ.

ಈ ಸಲದ ಪಟ್ಟಿಗೆ ಎರಡೂವರೆ ಗಂಟೆ ಹಿಡಿಯಿತು. ನಿರೀಕ್ಷಿಸಿದಂತೆ ಫೋನುಗಳು ಬಂದವು. ಹಿರಿಯರೊಬ್ಬರು, ‘ಹದಿನೈದು ವರ್ಷದಿಂದ ಇಲ್ಲಿದ್ದೇನೆ, ನನ್ನ ಮೇಲೆ ನಂಬಿಕೆ ಇಲ್ವಾ?’ ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ನಿಯಮ, ಪಾಲಿಸಿ ಎಂದೆಲ್ಲ ಹೇಳಲು ಹೊರಟವಳು ಸುಮ್ಮನಾಗಿ, ನನ್ನ ಟ್ಯಾಕ್ಸಿ ಬಿಲ್ಲಿನ ಕತೆ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

‘ನಂದೂ ಒಮ್ಮೆ ನೋಡ್ಬೇಕು’ ಎಂದರು. ಆಮೇಲೆ, ‘ಸರಿ, ತೆಗೀರಿ’ ಎಂದರು.