ತೆಂಗಿನ ನಾಡಿನ ಗಟ್ಟಿ ಹಾಸಿಗೆ

ಬೆಂಗಳೂರಿನಿಂದ ಅರಸೀಕೆರೆಯತ್ತ ಸಾಗುವ ರೈಲು ಗುಬ್ಬಿಯನ್ನು ಹಿಂದಿಕ್ಕಿದೊಡನೆ ಕಿಟಕಿಯಾಚೆಯ ನೋಟ ಬದಲಾಗತೊಡಗುವುದು. ರಾಗಿಯ ಹೊಲಗಳ ನಡುವೆ ಅಲ್ಲೊಂದು ಇಲ್ಲೊಂದಾಗಿ ಕಾಣುತ್ತಿದ್ದ ತೆಂಗಿನ ಮರಗಳು ಕ್ರಮೇಣ ಸಾಲಾಗಿ, ತೋಟಗಳಾಗಿ, ಅಮ್ಮಸಂದ್ರ, ಬಾಣಸಂದ್ರಗಳನ್ನು ದಾಟಿ ತಿಪಟೂರು ಸಮೀಪಿಸುವ ಹೊತ್ತಿಗೆ ದಿಗಂತವನ್ನೇ ಮರೆಮಾಡಿಬಿಡುತ್ತವೆ. ಕಡಲಿನ ಗಾಳಿಯಿಲ್ಲ, ಹಿನ್ನೀರಿನ ತಂಪಿಲ್ಲ. ಆದರೂ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಈ ಬಯಲುಸೀಮೆಯಲ್ಲಿ ಮನೆಯ ಮದುವೆ, ಮಕ್ಕಳ ಓದು, ಸಾಲದ ತೀರುವಳಿ ಎಲ್ಲವೂ ತೆಂಗಿನ ಮೇಲೆಯೇ ನಿಂತಿವೆ. ತುಮಕೂರು ಜಿಲ್ಲೆಗೆ ಕಲ್ಪತರು ನಾಡೆಂಬ ಹೆಸರು ಸುಮ್ಮನೆ ಬಂದುದಲ್ಲ.

ಇಲ್ಲಿನ ತೆಂಗಿನ ಹಿರಿಮೆಯೆಲ್ಲ ಉಂಡೆ ಕೊಬ್ಬರಿಯಲ್ಲಿದೆ. ಬಲಿತ ಕಾಯನ್ನು ಸಿಪ್ಪೆಯ ಸಹಿತ ಅಟ್ಟಕ್ಕೇರಿಸಿ 8ರಿಂದ 12 ತಿಂಗಳು ಹಾಗೆಯೇ ಬಿಡುವರು. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗಿ, ತಿರುಳು ಕರಟದಿಂದ ಬೇರ್ಪಟ್ಟು, ಅಲ್ಲಾಡಿಸಿದರೆ ಗುಂಡು ಉರುಳಿದಂತೆ ಗಡಗಡನೆ ಸದ್ದಾಗುವುದು. ಅನುಭವಸ್ಥರಾದ ರೈತರು ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಕೊಬ್ಬರಿ ಹದಕ್ಕೆ ಬಂದಿತೋ ಇಲ್ಲವೋ ಎಂಬುದನ್ನು ಹೇಳಬಲ್ಲರು. ತಿಪಟೂರಿನ ಮಾರುಕಟ್ಟೆಯಿಂದ ಈ ಉಂಡೆಗಳು ಉತ್ತರ ಭಾರತದ ಅಂಗಡಿಗಳವರೆಗೂ ಪಯಣ ಬೆಳೆಸುತ್ತವೆ.

ಕೊಬ್ಬರಿ ಹೊರಟುಹೋದ ಮೇಲೆ ಹಿಂದುಳಿಯುವುದು ಸಿಪ್ಪೆಯ ರಾಶಿ. ಕೇರಳದಲ್ಲಿ ಹಸಿ ಸಿಪ್ಪೆಯನ್ನು ಹಿನ್ನೀರಿನಲ್ಲಿ 6ರಿಂದ 10 ತಿಂಗಳು ಕೊಳೆಯಿಸಿ, ಬಡಿದು, ಹಗ್ಗಕ್ಕೂ ಚಾಪೆಗೂ ಒದಗುವ ನಸುಬಿಳಿಯ ನಾರನ್ನು ತೆಗೆಯುವರು. ತಿಪಟೂರಿನ ಸೀಮೆಯಲ್ಲಿ ಹಿನ್ನೀರೆಲ್ಲಿಂದ ಬರಬೇಕು? ಅಟ್ಟದ ಮೇಲೆ ಒಣಗಿದ ಸಿಪ್ಪೆಯನ್ನು ತುಸು ನೆನೆಸಿ ಯಂತ್ರಕ್ಕೊಡ್ಡಿದರೆ ಕಂದು ಬಣ್ಣದ ಒರಟು ನಾರು ಹೊರಬರುವುದು. ಇದನ್ನು ಹುರಿಗೊಳಿಸಿ, ಸುರುಳಿ ನಿಂತ ಮೇಲೆ ಮತ್ತೆ ಬಿಡಿಸಿದರೆ ಎಳೆ ಎಳೆಯೂ ಪುಟ್ಟದೊಂದು ಸ್ಪ್ರಿಂಗಿನಂತಾಗುತ್ತದೆ. ಮೇಲೆ ರಬ್ಬರಿನ ಹಾಲನ್ನು ಸಿಂಪಡಿಸಿ, ಒಣಗಿಸಿ, ಒತ್ತಿ, ಕಾಯಿಸಿದರೆ ಸಿದ್ಧವಾಗುವುದೇ ನಾರಿನ ಹಾಸಿಗೆ. 1962ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಕರ್ಲಾನ್ ಸಂಸ್ಥೆಯು ಇಂಥ ಹಾಸಿಗೆಯನ್ನು ನಗರವಾಸಿಗಳಿಗೆ ಮನೆಮಾತಾಗಿಸಿತು.

ಈ ಹಾಸಿಗೆ ಗಟ್ಟಿಯೆಂಬುದು ಮಲಗಿದವರೆಲ್ಲರ ಅನುಭವ. ಅದಕ್ಕೆ ಕಾರಣವೂ ಉಂಟು. ಮರಕ್ಕೆ ಬಿರುಸನ್ನು ಕೊಡುವ ಲಿಗ್ನಿನ್ ಎಂಬ ವಸ್ತುವು ತೆಂಗಿನ ನಾರಿನಲ್ಲಿ ಶೇಕಡ 40ಕ್ಕೂ ಮಿಗಿಲಾಗಿರುವುದು. ನಾರು ಬೇಗ ಕೊಳೆಯದಿರುವುದು ಅದರ ಪುಣ್ಯ. ಬೇಗ ಬಾಗದಿರುವುದೂ ಅದರದೇ ಗುಣ. ಹತ್ತಿಯಾದರೋ ಬಹುಪಾಲು ಸೆಲ್ಯುಲೋಸ್. ಆದುದರಿಂದಲೇ ಅದು ಮೃದು. ನಾರಿನ ಎಳೆಗಳ ನಡುವೆ ಗಾಳಿ ಸುಳಿದಾಡುವುದರಿಂದ ಬೇಸಗೆಯಲ್ಲಿ ಬೆನ್ನು ಬೇಯುವುದಿಲ್ಲ ಎಂಬುದನ್ನೂ ಮರೆಯಲಾಗದು.

ಇನ್ನು, ಈ ಸೀಮೆಯ ಯಾವುದಾದರೊಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಮಗನಿಗೆ ಬೆಂಗಳೂರಿನಲ್ಲಿ ನೌಕರಿ. ಊರಿನ ಮನೆಯಲ್ಲಿ ಎಪ್ಪತ್ತು ದಾಟಿದ ತಾಯಿ. ಜೀವಮಾನವೆಲ್ಲ ಚಾಪೆಯ ಮೇಲೊಂದು ಅರಳೆಯ ಹಾಸಿಗೆ ಹಾಕಿಕೊಂಡು ಮಲಗಿದಾಕೆಗೆ ಮಗ ಅಕ್ಕರೆಯಿಂದ ಮಂಚವನ್ನೂ ದುಬಾರಿಯ ನಾರಿನ ಹಾಸಿಗೆಯನ್ನೂ ತಂದು ಹಾಕುತ್ತಾನೆ. ಗಟ್ಟಿ ಹಾಸಿಗೆ ಬೆನ್ನಿಗೆ ಒಳ್ಳೆಯದೆಂದು ಅಂಗಡಿಯಲ್ಲಿ ಹೇಳಿರುತ್ತಾರೆ. ಹಬ್ಬಕ್ಕೆಂದು ಬಂದ ಸೊಸೆ ನಡುರಾತ್ರಿ ನೀರು ಕುಡಿಯಲು ಎದ್ದಾಗ, ಅತ್ತೆ ಮಂಚ ಬಿಟ್ಟು ಹಳೆಯ ಹಾಸಿಗೆಯನ್ನು ನೆಲಕ್ಕೆ ಹಾಸಿಕೊಂಡು ಮಲಗಿರುವುದು ಕಾಣುತ್ತದೆ. ಹೊಸ ಹಾಸಿಗೆಯಲ್ಲಿ ಮಗ್ಗುಲಾದರೆ ಸೊಂಟದ ಮೂಳೆ ಒತ್ತುವುದಂತೆ. ಮಗ ನೊಂದುಕೊಂಡಾನೆಂದು ಆಕೆ ಬಾಯಿ ಬಿಟ್ಟಿರಲಿಲ್ಲ. ಮುಂಜಾನೆ ನೆಲದಿಂದೇಳುವಾಗ ಮೊಳಕಾಲಿನ ನೋವು ಬೇರೆ. ಇಂಥ ಮನೆಗಳು ಒಂದೆರಡಲ್ಲ.

ಗಟ್ಟಿಯಾದಷ್ಟೂ ಬೆನ್ನಿಗೆ ಹಿತವೆಂಬ ನಂಬಿಕೆ ಎಷ್ಟು ನಿಜ? ಸ್ಪೇನ್ ದೇಶದ ವೈದ್ಯರು ಬಹುಕಾಲದಿಂದ ಸೊಂಟನೋವಿದ್ದ 313 ಮಂದಿಗೆ, ಕೆಲವರಿಗೆ ಗಟ್ಟಿಯಾದ, ಕೆಲವರಿಗೆ ಮಧ್ಯಮ ಗಡಸಿನ ಹಾಸಿಗೆಗಳನ್ನು ಕೊಟ್ಟು 90 ದಿನಗಳ ಬಳಿಕ ವಿಚಾರಿಸಿದರು. ಮಧ್ಯಮ ಹಾಸಿಗೆಯವರಲ್ಲೇ ನೋವು ಹೆಚ್ಚು ತಗ್ಗಿತ್ತು. 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಹಾಗೆಂದು ಹೊಸ ಹಾಸಿಗೆಯನ್ನು ಎಸೆಯಬೇಕಾದುದಿಲ್ಲ. ಭಾರ ಹೊರುವ ಕೆಲಸವನ್ನು ನಾರಿಗೆ ಬಿಟ್ಟು, ಮೈ ತಾಕುವ ಮೇಲ್ಭಾಗವನ್ನಷ್ಟೇ ಮೆತ್ತಗಾಗಿಸಿದರೆ ಸಾಕು. ಅಂಗಡಿಗಳಲ್ಲಿ ‘ಟಾಪರ್’ ಎಂದು ಮಾರುವ ಮೇಲ್ಹಾಸಿನ ಕೆಲಸ ಇದೇ. ಆದರೆ ನಡುವೆ ತಗ್ಗು ಬಿದ್ದ ಹಾಸಿಗೆಯ ಮೇಲೆ ಮೇಲ್ಹಾಸನ್ನು ಹಾಕಿ ಫಲವಿಲ್ಲ. ಅದೂ ಅದೇ ತಗ್ಗಿಗೆ ಇಳಿಯುವುದು.

ಯಾವ ಮೇಲ್ಹಾಸು ತಕ್ಕುದು? ಮೊದಲು ನೆನಪಾಗುವುದು ಅರಳೆ. ಬಿಲ್ಲನ್ನು ಹೆಗಲಿಗೇರಿಸಿ, ಅದರ ತಂತಿಯನ್ನು ಮಿಡಿಯುತ್ತ ಬೀದಿ ಬೀದಿ ಸುತ್ತುತ್ತಿದ್ದ ಪಿಂಜಾರರ ಕೆಲಸವನ್ನು ಈಗ ಬಹುಮಟ್ಟಿಗೆ ಯಂತ್ರಗಳು ವಹಿಸಿಕೊಂಡಿದ್ದರೂ ಅರಳೆಯನ್ನು ಹಿಂಜಿ ತುಂಬಿಕೊಡುವ ಅಂಗಡಿಗಳು ಇನ್ನೂ ಉಂಟು. ಅರಳೆ ತಂಪು, ಅಗ್ಗ, ಪರಿಚಿತ. ಆದರೆ ಅದಕ್ಕೆ ಪುಟಿಯುವ ಗುಣವಿಲ್ಲ. ಮೈಯ ತೇವವನ್ನು ಹೀರಿ, ಒತ್ತಡಕ್ಕೆ ಸಿಕ್ಕಿ ಗಂಟಾಗುವುದು. ಆಗಾಗ ಬಿಸಿಲಿಗೆ ಹಾಕಬೇಕು, ಕೆಲವು ವರ್ಷಗಳಿಗೊಮ್ಮೆ ಹಿಂಜಿಸಬೇಕು. ಬೂರುಗದ ಹತ್ತಿ ಇನ್ನೂ ಹಗುರ, ಇನ್ನೂ ನುಣುಪು. ಆದರೆ ಎಳೆ ಬೇಗ ಮುರಿದು ಪುಡಿಯಾಗುವುದರಿಂದ ದಿಂಬಿಗೇ ಅದು ಹೆಚ್ಚು ಸರಿ.

ರಬ್ಬರಿನ ಹಾಲಿನಿಂದಲೇ ಮಾಡಿದ ಲೇಟೆಕ್ಸ್ ಮೇಲ್ಹಾಸು ಒತ್ತಿದರೆ ತಗ್ಗಿ, ಕೈ ತೆಗೆದೊಡನೆ ಪುಟಿದೇಳುವುದು. ಮಗ್ಗುಲು ಬದಲಿಸುವುದು ಇದರ ಮೇಲೆ ಸುಲಭ, ಬಾಳಿಕೆಯೂ ಹೆಚ್ಚು. ಬೆಲೆ ಮಾತ್ರ ಕಡಮೆಯಲ್ಲ, ತೂಕವೂ ಅಷ್ಟೇ. ವಯಸ್ಸಾದವರು ಒಬ್ಬರೇ ಎತ್ತಲಾರರು. ಅರಳೆಯಂತೆ ಇದನ್ನು ಬಿಸಿಲಿಗೆ ಹಾಕಲೂಬಾರದು. ಬಿಸಿಲಿಗೆ ರಬ್ಬರು ಬಿರುಕು ಬಿಡುವುದು. ಇನ್ನು ‘ಮೆಮೊರಿ ಫೋಮ್’ ಎಂಬುದು 1960ರ ದಶಕದಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ, ವಿಮಾನದ ಆಸನಗಳಿಗೆಂದು ರೂಪುಗೊಂಡ ವಸ್ತು. ಮೈಯ ಕಾವಿಗೆ ಮೆತ್ತಗಾಗಿ ಮೂಳೆಯ ಉಬ್ಬುತಗ್ಗುಗಳಿಗೆ ಹೊಂದಿಕೊಳ್ಳುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಆ ಕಾವನ್ನು ಅದು ಬೇಗ ಬಿಟ್ಟುಕೊಡದು. ತಿಪಟೂರಿನ ಏಪ್ರಿಲ್ ರಾತ್ರಿಗಳಲ್ಲಿ ಇದು ಸಣ್ಣ ವಿಷಯವಲ್ಲ. ಮೈ ಹೂತುಕೊಳ್ಳುವಷ್ಟು ದಪ್ಪವಾದರೆ ಮುದುಕರಿಗೆ ಹೊರಳುವುದೂ ಏಳುವುದೂ ಪ್ರಯಾಸ.

ಸಾಮಾನ್ಯವಾಗಿ 2 ಅಂಗುಲದ ದಪ್ಪ ಸಾಕು. ಮೈಭಾರ ಹೆಚ್ಚಿದ್ದು ಮಗ್ಗುಲಾಗಿಯೇ ಮಲಗುವವರಿಗೆ 3 ಅಂಗುಲ ಬೇಕಾದೀತು. ಮೇಲ್ಹಾಸು ಸೇರಿದ ಮೇಲೆ ಮಂಚದ ಎತ್ತರ ಅಷ್ಟೇ ಏರುವುದರಿಂದ, ಅಂಚಿನಲ್ಲಿ ಕುಳಿತಾಗ ಅಂಗಾಲು ನೆಲಕ್ಕೆ ತಾಕುವುದೇ ಎಂಬುದನ್ನು ನೋಡಿಕೊಳ್ಳಬೇಕು. ಜಾರದಂತೆ ನಾಲ್ಕು ಮೂಲೆಗಳಲ್ಲೂ ಪಟ್ಟಿಯಿರಬೇಕು, ಒಗೆಯಬಹುದಾದ ಗವಸಿರಬೇಕು. ಪರೀಕ್ಷೆಯೂ ಕಷ್ಟವಲ್ಲ. ಅಂಗೈಯಿಂದ ಒತ್ತಿ ನೋಡಿದರೆ ಏನೂ ತಿಳಿಯದು. ಮಲಗುವವರೇ ರೂಢಿಯ ಭಂಗಿಯಲ್ಲಿ ಕಾಲು ಗಂಟೆ ಮಲಗಬೇಕು. ಅಂಗಾತ ಮಲಗಿದಾಗ ಸೊಂಟದ ಕೆಳಗೆ ಅಂಗೈ ಸಲೀಸಾಗಿ ತೂರಿದರೆ ಹಾಸಿಗೆ ಇನ್ನೂ ಗಟ್ಟಿ. ತೂರಿಸಲೇ ಆಗದಿದ್ದರೆ ಅತಿ ಮೆತ್ತಗೆ. ಮಗ್ಗುಲಾದಾಗ ಭುಜವೂ ಸೊಂಟವೂ ನೋಯಬಾರದು.

ಮೇಲಿನ ಮನೆಯಲ್ಲಿ ಸೊಸೆ ಮಾಡಬಹುದಾದ ಮೊದಲ ಕೆಲಸಕ್ಕೆ ದುಡ್ಡೇ ಬೇಕಿಲ್ಲ. ಅತ್ತೆಯ ಹಳೆಯ ಅರಳೆಯ ಹಾಸಿಗೆಯನ್ನು ಹಿಂಜಿಸಿ, ತೆಳುವಾಗಿ ಹೊಲಿಸುವ ಮೊದಲು, ಮೂರು ನಾಲ್ಕು ರಾತ್ರಿ ಅದನ್ನೇ ನಾರಿನ ಹಾಸಿಗೆಯ ಮೇಲೆ ಹರಡಿ ನೋಡಬಹುದು. ಅದರಿಂದ ನಿದ್ದೆ ಬಂದರೆ ಅದೇ ಮೇಲ್ಹಾಸು. ಬಾರದಿದ್ದರೆ ಲೇಟೆಕ್ಸಿನ ಮಾತು. ಯಾವುದನ್ನು ಕೊಂಡರೂ, ಕೊಳ್ಳುವ ಮುನ್ನ ಮಲಗುವವರನ್ನು ಕೇಳಬೇಕು. ಹದವನ್ನರಿಯಲು ಒಂದೊಂದು ಕಾಯನ್ನೂ ಕಿವಿಗೆ ಹಿಡಿದು ಆಲಿಸುವ ನಾಡು ಇದು. ಬಾಯಿ ಬಿಡದೆ ನೆಲದ ಮೇಲೆ ಮಲಗುವ ತಾಯಿಯ ಮಾತಿಗೂ ಆ ಕಿವಿ ಒದಗಿದರೆ, ಮಗ ತಂದ ಹಾಸಿಗೆ ದಂಡವಾಗದು. ತಾಯಿಯ ನಿದ್ದೆಯೂ ಕೆಡದು.