ಬಂಡಿಯ ಒಡೆಯರೂ ಬಂಡಿಯ ಪಯಣಿಗರೂ

ಕಳೆದ ಮಳೆಗಾಲದಲ್ಲಿ ನಮ್ಮ ಪಾಠಶಾಲೆಯ ಪೂರ್ವವಿದ್ಯಾರ್ಥಿನಿಯೊಬ್ಬಳು ಮುಂಬಯಿಯಿಂದ ನಮಗೆ ಒಂದು ದೀರ್ಘವಾದ ಪತ್ರವನ್ನು ಬರೆದಳು. ಆಕೆಯೂ ಆಕೆಯ ಯಜಮಾನರೂ ವಿಹಾರದ ಹಡಗೊಂದನ್ನು ಹತ್ತಿ ಮೂರು ರಾತ್ರಿ ಸಮುದ್ರದ ಮೇಲೆ ಕಳೆದು ಬಂದಿದ್ದರಂತೆ. ಅಲೆಗಳನ್ನೂ ಚಂದ್ರೋದಯವನ್ನೂ ಕುರಿತು ಆಕೆ ಬರೆದದ್ದು ಎರಡೇ ಸಾಲು. ಪತ್ರದ ಉಳಿದ ಭಾಗವೆಲ್ಲ ಭೋಜನಶಾಲೆಯಲ್ಲಿ ಆಕೆ ಕೇಳಿದ ಮಾತುಗಳಿಂದಲೇ ತುಂಬಿತ್ತು. ದೇಶವಿದೇಶಗಳ ಹಡಗುಗಳಲ್ಲಿ ಅನೇಕ ಸಾರಿ ಪಯಣಿಸಿದ್ದ ವೃದ್ಧ ದಂಪತಿಗಳು, ತಾವು ಬಹುಕಾಲದಿಂದ ಮೆಚ್ಚಿಕೊಂಡಿದ್ದ ಕಂಪನಿಗೆ ಹೊಸ ಮುಖ್ಯಸ್ಥರು ಬಂದರೆಂದೂ, ಅವರು ಎಳೆಯ ಕುಟುಂಬಗಳನ್ನೇ ಅರಸುತ್ತ ಹಳಬರನ್ನು ಮರೆತರೆಂದೂ, ಊಟದ ಮೇಜಿನ ಬಟ್ಟೆಯಿಂದ ಮೊದಲುಗೊಂಡು ಸಂಗೀತದವರೆಗೆ ಎಲ್ಲವೂ ಕೆಟ್ಟಿತೆಂದೂ ಕಣ್ಣಲ್ಲಿ ನೀರು ತಂದುಕೊಂಡು ಹೇಳಿದರಂತೆ. "ತಮ್ಮ ಸ್ವಂತ ಮನೆಯನ್ನು ಯಾರೋ ಮಾರಿಬಿಟ್ಟರೆಂಬಂತೆ ಅಳುತ್ತಿದ್ದರು. ನನಗೆ ನಗೆ ಬಂದಿತು, ಆದರೆ ನಗಲಿಲ್ಲ" ಎಂದು ಆಕೆ ಬರೆದಿದ್ದಳು.

ನಗದೆ ಇದ್ದದ್ದು ಒಳ್ಳೆಯದೇ ಆಯಿತು. ಆ ಲೋಕದಲ್ಲಿ ಒಡೆತನವು ಬಹು ಬೇಗನೆ ಕೈಬದಲಾಗುವದುಂಟು. 2019ರ ಏಪ್ರಿಲಿನಲ್ಲಿ ಮುಂಬಯಿಯಿಂದ 'ಕರ್ಣಿಕಾ' ಎಂಬ ವಿಹಾರದ ಹಡಗು ಸಂಭ್ರಮದಿಂದ ಹೊರಟಿತು. ಮರುವರ್ಷ ವ್ಯಾಧಿಯ ಕಾಲದಲ್ಲಿ ಅದನ್ನು ನಡಿಸಿದ ಕಂಪನಿಯೇ ಮುಚ್ಚಿತು, ಹಡಗು ಗುಜರಾತದ ಅಲಂಗ ತೀರದಲ್ಲಿ ಒಡೆಯಲ್ಪಟ್ಟಿತು. 1990ರಲ್ಲಿ ಕಟ್ಟಲ್ಪಟ್ಟು ದೂರದ ಸಮುದ್ರಗಳಲ್ಲಿ ಓಡಾಡಿದ 'ಎಂಪ್ರೆಸ್' ಎಂಬ ಇನ್ನೊಂದು ಹಡಗನ್ನು ಕೊಂಡ ಬೇರೊಂದು ಕಂಪನಿಯು 2021ರ ಸೆಪ್ಟೆಂಬರಿನಿಂದ ಅದೇ ಮುಂಬಯಿಯಿಂದ ನಡಿಸತೊಡಗಿತು. ಹಡಗು ಹಳೆಯದು, ಒಡೆಯರು ಹೊಸಬರು, ಊಟ ನಮ್ಮ ದೇಶದ್ದು.

ಪತ್ರವನ್ನು ಮಡಚಿಟ್ಟ ಮೇಲೆ ನಮಗೆ ನೆನಪಾದದ್ದು ಮಾತ್ರ ಹಡಗಲ್ಲ, ವಾಡಿಯ ನಿಲ್ದಾಣ. ಸನ್ನತಿಯಲ್ಲಿ ಹುಟ್ಟಿ ಬೆಳೆದ ನಮಗೆ ನೀರಿನ ಪ್ರಯಾಣವೆಂದರೆ ಭೀಮೆಯ ಹರಿಗೋಲೇ ಸರಿ. ಚಂದ್ರಲಾಂಬೆಯ ಗುಡಿಗೆ ಆಚೆಯ ದಂಡೆಯಿಂದ ಬರುವವರನ್ನು ಅಂಬಿಗರು ದಾಟಿಸುತ್ತಿದ್ದದ್ದನ್ನು ನಮ್ಮ ಅಜ್ಜಿಯವರು ವರ್ಣಿಸುತ್ತಿದ್ದರು. ಆ ಬಳಿಕ ಹೊಳೆಗೆ ಸೇತುವೆಯುಳ್ಳ ಬಾಂದಾರವಾಯಿತು. ಲೋಕವನ್ನು ನೋಡಬೇಕೆಂಬವರು ನಾಲವಾರದ ನಿಲ್ದಾಣಕ್ಕೆ ಬಂದು ಬಂಡಿ ಹತ್ತಿ ವಾಡಿಯಲ್ಲಿ ಇಳಿಯತಕ್ಕದ್ದು. ಹತ್ತು ವರ್ಷದ ಹುಡುಗಿಯಾಗಿ ತಗಡಿನ ಪೆಟ್ಟಿಗೆಯೊಂದಿಗೆ ವಸತಿಗೃಹಕ್ಕೆ ಹೊರಟ ನಾವು ಬಂದದ್ದೂ ಹಾಗೆಯೇ. ಇದನ್ನು ಓದುವ ತಾಯಂದಿರಲ್ಲಿ ಎಷ್ಟೋ ಮಂದಿ ಬಂದದ್ದೂ ಹಾಗೆಯೇ.

ಅಜ್ಜಿಯವರು ತಮ್ಮ ಕೊನೆಯವರೆಗೂ ಚಿತ್ತಾಪುರ, ಸೇಡಂ ಮಾರ್ಗದ ಬಂಡಿಯನ್ನು 'ನಿಜಾಮನ ಗಾಡಿ' ಎಂದೇ ಕರೆಯುತ್ತಿದ್ದರು. ಹಾಲಿ ಸಿಕ್ಕಾ ಬೇರೆ, ಕಲ್ದಾರ ರೂಪಾಯಿ ಬೇರೆ ಎಂಬ ಕಾಲವನ್ನು ಕಂಡವರು ಅವರು. ನಾವು ಬುದ್ಧಿವಂತಿಕೆಯಿಂದ "ಅಜ್ಜೀ, ನಿಜಾಮರ ಗಾಡಿ ಎಂದೋ ಹೋಯಿತು" ಎಂದು ತಿದ್ದಿದರೆ, "ಹೋದಾವ ನಿಜಾಮ, ಗಾಡಿ ಎಲ್ಲಿ ಹೋಗ್ಯಾದ?" ಎಂದು ಕೇಳುತ್ತಿದ್ದರು.

ಈ ಗಾಡಿಯ ಒಡೆಯರ ಕಥೆಯು ನಮ್ಮ ಇತಿಹಾಸದ ಪಾಠಗಳಲ್ಲಿ ಬಾರದೆ ಇರುವದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಹೇಳುವದು ಯೋಗ್ಯವೆಂದು ತೋರುತ್ತದೆ. ಮುಂಬಯಿಯಿಂದ ಬಂದ ಜಿ.ಐ.ಪಿ. ಕಂಪನಿಯ ಹಳಿಯು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. ವಾಡಿಯಿಂದ ಕವಲೊಡೆದು ಚಿತ್ತಾಪುರ, ಸೇಡಂ, ತಾಂಡೂರುಗಳ ಮೇಲೆ ಸಿಕಂದರಾಬಾದಕ್ಕೆ ಹೋಗುವ ಹಳಿಯು 1874ರಲ್ಲಿ ತೆರೆಯಲ್ಪಟ್ಟಿತು. ಅದಕ್ಕೆ ಹಣ ಕೊಟ್ಟದ್ದು ಹೈದರಾಬಾದ ಸಂಸ್ಥಾನ. 1883ರಲ್ಲಿ ಸಂಸ್ಥಾನದವರು ಈ ಹಳಿಯನ್ನು ಲಂಡನ್ನಿನಲ್ಲಿ ನೆಲೆಸಿದ ಕಂಪನಿಯೊಂದಕ್ಕೆ ಒಪ್ಪಿಸುವ ಕರಾರನ್ನು ಮಾಡಿಕೊಂಡರು. ಹೂಡಿದವರ ಬಂಡವಾಳಕ್ಕೆ ಬಡ್ಡಿಯ ಭರವಸೆಯು ಸಂಸ್ಥಾನದ ಬೊಕ್ಕಸದಿಂದ. ಆದಕಾರಣವೇ ಅದರ ಹೆಸರಿನಲ್ಲಿ 'ಗ್ಯಾರಂಟೀಡ್' ಎಂಬ ಮಾತು ಸೇರಿಕೊಂಡಿತು.

ಆಗ ಹೈದರಾಬಾದಿನ ಜನರು ಸುಮ್ಮನಿರಲಿಲ್ಲ. ಚಾಂದಾ ರೈಲ್ವೆ ಯೋಜನೆಯೆಂದು ಹೆಸರಾದ ಈ ವ್ಯವಹಾರದ ಸಂಗತಿಗಳನ್ನು ಬಹಿರಂಗಪಡಿಸಿರೆಂದು ಕೇಳುವದಕ್ಕೆ ವಿದ್ಯಾವಂತರ ಒಂದು ಕೂಟವು ಎದ್ದಿತು. ಅದರ ಮುಂದಾಳುಗಳಲ್ಲಿ ಒಬ್ಬರು ಅಧ್ಯಾಪಕರು, ಅಘೋರನಾಥ ಚಟ್ಟೋಪಾಧ್ಯಾಯರು. ಕೇಳಿದ್ದಕ್ಕೆ ದೊರೆತ ಉತ್ತರವೇನಂದರೆ, 1883ರ ಮೇ ತಿಂಗಳಲ್ಲಿ ಅವರು ಕೆಲಸದಿಂದ ತೆಗೆಯಲ್ಪಟ್ಟು ಸಂಸ್ಥಾನದಿಂದಲೇ ಹೊರಗೆ ಕಳುಹಿಸಲ್ಪಟ್ಟರು. ಕೆಲವು ಕಾಲದ ನಂತರ ಅವರನ್ನು ಪುನಃ ಕರಸಿಕೊಂಡರು. ಅವರ ಮನೆಯಲ್ಲಿ ಆಗ ನಾಲ್ಕು ವರ್ಷದ ಮಗಳೊಬ್ಬಳಿದ್ದಳು. ಆಕೆಯೇ ಮುಂದೆ ಸರೋಜಿನೀ ನಾಯಡು. ನಮ್ಮ ಹುಡುಗಿಯರು ಸರೋಜಿನೀದೇವಿಯವರ ಜನ್ಮದಿನದಲ್ಲಿ ಪ್ರತಿವರ್ಷ ಭಾಷಣ ಮಾಡುತ್ತಾರೆ. ಒಂದು ರೈಲ್ವೆಯ ಲೆಕ್ಕವನ್ನು ಕೇಳಿದ್ದಕ್ಕಾಗಿ ಅವರ ತಂದೆಯವರು ಊರು ಬಿಡಬೇಕಾಯಿತೆಂಬದನ್ನು ನಾವು ಒಮ್ಮೆ ಸಭೆಯಲ್ಲಿ ಹೇಳಿದಾಗ, ಹಿಂದಿನ ಸಾಲಿನ ಒಬ್ಬಳು ಎದ್ದು, "ಹಾಗಾದರೆ ಅವರೂ ಇದೇ ಗಾಡಿಯಲ್ಲಿ ಕೂತು ಹೋದರೋ?" ಎಂದು ಕೇಳಿದಳು. ನಾವು ಉತ್ತರವಿಲ್ಲದೆ ನಿಂತೆವು.

ಮುಂದಿನ ಒಡೆಯರನ್ನು ಬೇಗನೆ ಎಣಿಸಿಬಿಡಬಹುದು. 1930ರ ಏಪ್ರಿಲ್ 1ರಂದು ಸಂಸ್ಥಾನವು ಕಂಪನಿಯಿಂದ ಹಳಿಯನ್ನು ಕೊಂಡುಕೊಂಡಿತು. 1932ರಲ್ಲಿ ಅದೇ ರೈಲ್ವೆಯವರು 27 ಮೋಟಾರುಗಳನ್ನೂ 166 ಮಂದಿ ನೌಕರರನ್ನೂ ಇಟ್ಟುಕೊಂಡು ರಸ್ತೆಯ ಸಾರಿಗೆಯನ್ನು ಆರಂಭಿಸಿದರು. ರೈಲನ್ನೇ ಕಾಣದ ನಮ್ಮ ಚಿಂಚೋಳಿಯ ಪೋಷಕರು ಇದನ್ನು ಲಕ್ಷ್ಯದಲ್ಲಿಡಬೇಕು. ಸಂಸ್ಥಾನವು ವಿಲೀನವಾದ ನಂತರ ಹಳಿಯು ಭಾರತ ಸರಕಾರಕ್ಕೆ ಬಂದಿತು. 1951ರ ನವೆಂಬರದಲ್ಲಿ ಮಧ್ಯ ರೈಲ್ವೆ, 1966ರ ಅಕ್ಟೋಬರ್ 2ರಂದು ದಕ್ಷಿಣ ಮಧ್ಯ ರೈಲ್ವೆ. ಸೋಲಾಪುರ ವಿಭಾಗವು ಅದರೊಂದಿಗೆ ಹೋಗಿ, 1977ರಲ್ಲಿ ಪುನಃ ಮಧ್ಯ ರೈಲ್ವೆಗೆ ಮರಳಿತು. ಕಲಬುರಗಿಗೇ ಒಂದು ವಿಭಾಗವೆಂಬ ಮಾತು 2014ರಲ್ಲಿ ನಮ್ಮನ್ನು ಹರ್ಷಗೊಳಿಸಿತು. ಹತ್ತು ವರ್ಷ ಸಂದಾಗಲೂ ಅದರ ಬಾಗಿಲು ತೆರೆದಿರಲಿಲ್ಲ. 2019ರಲ್ಲಿ ಗುಂತಕಲ್ಲು ವಿಭಾಗವನ್ನು ದಕ್ಷಿಣ ಕರಾವಳಿ ರೈಲ್ವೆ ಎಂಬ ಹೊಸದಕ್ಕೆ ಸೇರಿಸುವದಾಗಿ ಪ್ರಕಟಣೆಯಾದಾಗ, ಸಮುದ್ರವನ್ನೇ ಕಾಣದ ನಾಲವಾರಕ್ಕೂ ಕರಾವಳಿಯ ಹೆಸರು ಬಂದೀತೇ ಎಂದು ನಮ್ಮ ಅಣ್ಣನವರು ನಕ್ಕರು.

ವಾಡಿ, ಶಹಾಬಾದಗಳ ತಂದೆಯಂದಿರಿಗೆ ಒಡೆಯರ ಬದಲಾವಣೆಯೆಂದರೆ ಏನೆಂದು ನಾವು ಹೇಳಿಕೊಡಬೇಕಾದದ್ದಿಲ್ಲ. 1936ರಲ್ಲಿ ಒಂದುಗೂಡಿದ ಎ.ಸಿ.ಸಿ. ಸಿಮೆಂಟು ಕಂಪನಿಯು ವಿದೇಶದವರ ಕೈಗೆ ಹೋಗಿ, 2022ರಲ್ಲಿ ಅದಾನಿಯವರ ಕೈಗೆ ಬಂದಿತು. ಆ ವರ್ಷ ಪೋಷಕರ ಸಭೆಯಲ್ಲಿ ಮಕ್ಕಳ ಅಂಕಗಳಿಗಿಂತ ಹೆಚ್ಚಾಗಿ ಇದೇ ಚರ್ಚೆಯಾಯಿತು.

ಇನ್ನು ನಾವು ಹೇಳಲೇಬೇಕೆಂದು ಕುಳಿತ ಸಂಗತಿಗೆ ಬರುತ್ತೇವೆ. ಅದನ್ನು ಬರೆಯಲು ನಮಗೆ ಸಂತೋಷವಿಲ್ಲ.

2020ರ ಮಾರ್ಚಿನಲ್ಲಿ ದೇಶದ ಬಂಡಿಗಳೆಲ್ಲ ನಿಂತವು. ಪುನಃ ಓಡತೊಡಗಿದಾಗ ನಮ್ಮ ಸಾಧಾರಣ ಪ್ಯಾಸೆಂಜರ ಗಾಡಿಗಳು 'ವಿಶೇಷ' ಎಂಬ ಬಿರುದನ್ನು ಧರಿಸಿ ಬಂದವು. ಡಬ್ಬಿಗಳು ಅವೇ, ನಿಲ್ದಾಣಗಳು ಬಹುಮಟ್ಟಿಗೆ ಅವೇ, ಆದರೆ ಅತಿ ಕಡಿಮೆಯ ದರವು 10 ರೂಪಾಯಿಯಿಂದ 30 ರೂಪಾಯಿಗೆ ಏರಿತು. ಇದು ಇಡೀ ದೇಶದಲ್ಲಿ ನಡೆದದ್ದು. ಹಳೆಯ ದರವು ಮರಳಿದ್ದು 2024ರ ಫೆಬ್ರವರಿಯಲ್ಲಿ. ಶಾಲೆಗೆ ಹೋಗುವ ಹೆಣ್ಣುಮಕ್ಕಳಿಗೆ ರೈಲ್ವೆಯವರು ದರವಿಲ್ಲದೆ ಕೊಡುವ ತಿಂಗಳ ಪಾಸುಗಳೂ ಮೊದಲು ಹಲವು ತಿಂಗಳು ಸಲ್ಲಲಿಲ್ಲ, ಆ ಬಳಿಕ ಒಂದೊಂದು ಗಾಡಿಗೆ ಒಂದೊಂದು ಕಾಲದಲ್ಲಿ ಸಲ್ಲತೊಡಗಿದವು. ಆ ಪಾಸಿನ ಅರ್ಜಿಗೆ ಮುಖ್ಯೋಪಾಧ್ಯಾಯಿನಿಯ ರುಜು ಬೇಕು. ವಾಚಕರು ಈ ಮಾತನ್ನು ನೆನಪಿನಲ್ಲಿಡಬೇಕೆಂದು ಬೇಡುತ್ತೇವೆ.

2021ರ ಆಗಸ್ಟ್ 23ರಂದು ಒಂಬತ್ತನೆಯ ತರಗತಿಯಿಂದ ಮೇಲಿನವರಿಗೆ ಪಾಠಶಾಲೆಯು ತೆರೆಯಿತು. ಚಿತ್ತಾಪುರದ ಕಡೆಯ ಹಳ್ಳಿಯೊಂದರಿಂದ ಬರುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮೊದಲ ವಾರ ಬಂದಳು, ಎರಡನೆಯ ವಾರ ಮೂರು ದಿನ ಬಂದಳು, ಮೂರನೆಯ ವಾರ ಬರಲಿಲ್ಲ. ಲೆಕ್ಕದಲ್ಲಿ ತರಗತಿಗೇ ಮೊದಲಿಗಳು, ಬರಹವು ಮಾತ್ರ ಕೋಳಿ ಕೆದರಿದಂತೆ. ಆಕೆಯ ತಂದೆಯು ಕಲ್ಲಿನ ಗಣಿಯಲ್ಲಿ ಕೂಲಿ ಮಾಡುವವನು. ನಾವು ಕರೆಕಳುಹಿಸಿದಾಗ ಬಂದು ಬಾಗಿಲಲ್ಲೇ ನಿಂತು, "ದಿನಾ ಅರವತ್ತ ರೂಪಾಯಿ ಎಲ್ಲಿಂದ ತರೂದ್ರಿ ಅಕ್ಕೋರೆ? ಪಾಸ ನಡದ್ರ ಕಳಸ್ತೀನಿ" ಎಂದನು. ನ್ಯಾಯವಾದ ಮಾತು.

ನಾವೇನು ಮಾಡಿದೆವು? ಬಿನ್ನಹ ಬರೆಯಲು ಕುಳಿತೆವು. ಒಳ್ಳೆಯ ಭಾಷೆಯಲ್ಲಿ, ಅಂಕಿಸಂಖ್ಯೆಗಳ ಸಹಿತ, ಮೂರು ಪುಟಗಳ ಬಿನ್ನಹ. ವಾಡಿಯ ಬಳಿಯಲ್ಲಿ ಆಗ ಸೋಲಾಪುರ, ಸಿಕಂದರಾಬಾದ, ಗುಂತಕಲ್ಲು ಎಂಬ ಮೂರು ವಿಭಾಗಗಳ ಗಡಿಗಳು ಕೂಡುತ್ತಿದ್ದವು. ನಮ್ಮ ಪತ್ರವನ್ನು ನಾವು ತಪ್ಪು ವಿಳಾಸಕ್ಕೆ ಕಳುಹಿಸಿದೆವು. ಆ ನಿಲ್ದಾಣವು ತಮಗೆ ಸೇರಿದ್ದಲ್ಲವೆಂಬ ಉತ್ತರವು ಸೌಜನ್ಯದಿಂದಲೇ ಬಂದಿತು. ಪುನಃ ಬರೆದೆವು. ಸಹೋಪಾಧ್ಯಾಯಿನಿಯರಿಗೆ ಓದಿ ತೋರಿಸಿದೆವು. ಅವರು ಮೆಚ್ಚಿದರು. ಸತ್ಯವನ್ನು ಹೇಳಬೇಕಾದರೆ, ಆ ವಾರಗಳಲ್ಲಿ ನಮಗೆ ನಮ್ಮ ಬಿನ್ನಹದ ಮೇಲೆಯೇ ಹೆಚ್ಚು ಪ್ರೀತಿಯಿತ್ತು.

ದೀಪಾವಳಿಯ ರಜೆಯ ತರುವಾಯ ಬೇರೊಂದು ಕೆಲಸಕ್ಕಾಗಿ ನಿಲ್ದಾಣಕ್ಕೆ ಹೋಗಿದ್ದೆವು. ಚೀಟಿಯ ಕಿಂಡಿಯಲ್ಲಿ ಕುಳಿತ ಯುವಕನನ್ನು, ಹುಡುಗಿಯರ ಪಾಸು ಎಂದಿಗೆ ನಡೆದೀತೆಂದು ಕೇಳಿದೆವು. ಆತನು ಆಶ್ಚರ್ಯದಿಂದ ತಲೆಯೆತ್ತಿ, ಆ ಗಾಡಿಗೆ ಅದು ನಡೆಯತೊಡಗಿ ಆಗಲೇ ಕೆಲವು ವಾರಗಳಾದವೆಂದೂ, ಬೇರೆ ಶಾಲೆಯ ಮಕ್ಕಳು ತೆಗೆದುಕೊಂಡು ಹೋದರೆಂದೂ ಹೇಳಿದನು. ಹೇಳಿಕೆಯು ಗೋಡೆಗೆ ಅಂಟಿಸಲ್ಪಟ್ಟಿತ್ತು. ರುಜುವಿಗಾಗಿ ಕಾದ ಬರಿಯ ಅರ್ಜಿಗಳ ಕಟ್ಟು ನಮ್ಮ ಕಪಾಟಿನಲ್ಲಿ ಇದ್ದಿತು. ಶಾಲೆಯಿಂದ ಆ ಕಿಂಡಿಗೆ ಇಪ್ಪತ್ತು ನಿಮಿಷದ ನಡಿಗೆ.

ಅಂದೇ ಸಂಜೆ ಆ ಹಳ್ಳಿಗೆ ಹೋದೆವು. ತಾಯಿಯು ಜೋಳ ಕೇರುತ್ತಿದ್ದಳು. ಮೊರವನ್ನು ಕೆಳಗಿಡದೆ ಹೇಳಿದಳು: "ಆಕಿ ಸೋದರಮಾವನ ಕೂಡ ಪುಣಾಕ್ಕ ಹೋಗ್ಯಾಳ್ರಿ, ಕಟ್ಟಡದ ಕೆಲಸಕ್ಕ. ಎಂಟ ದಿನ ಆತು." ಸ್ವಲ್ಪ ಹೊತ್ತು ಕೇರಿದಳು. "ಎಂಟ ದಿನ ಮೊದಲ ಬರಬೇಕಿತ್ರಿ ಅಕ್ಕೋರೆ." ಆ ಮಾತಿನಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಾವು ಏನಾದರೂ ಉತ್ತರ ಕೊಡುತ್ತಿದ್ದೆವು.

ನಮ್ಮ ಸನ್ನತಿಯಲ್ಲಿ 1986ರಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲೇ ಅಶೋಕರಾಜನ ಶಾಸನವೆಂದು ತಿಳಿದುಬಂದ ಸಂಗತಿಯನ್ನು ನೀವೆಲ್ಲ ಕೇಳಿದ್ದೀರಿ. ಅದರ ಮೇಲೆ ರಾಜನು ತನ್ನ ಅಧಿಕಾರಿಗಳಿಗೆ ಹೇಳಿದ ಪ್ರತ್ಯೇಕ ಶಾಸನಗಳ ಭಾಗಗಳಿವೆ. ಜನರೆಲ್ಲರೂ ತನ್ನ ಮಕ್ಕಳೆಂದೂ, ಅಧಿಕಾರದಲ್ಲಿರುವವರು ಸೋಮಾರಿತನವನ್ನೂ ಆತುರವನ್ನೂ ಬಿಡಬೇಕೆಂದೂ ಆ ಶಾಸನಗಳ ತಾತ್ಪರ್ಯ. ಇದನ್ನು ನಾವು ಎಷ್ಟೋ ವರ್ಷ ಹುಡುಗಿಯರಿಗೆ ಬೋಧಿಸಿದ್ದೆವು. ಅಧಿಕಾರಿಗಳೆಂದರೆ ಯಾವಾಗಲೂ ದೂರದ ಕಚೇರಿಯಲ್ಲಿ ಕುಳಿತವರೆಂದು ಭಾವಿಸಿ ಬೋಧಿಸಿದ್ದೆವು.

ಮುಂಬಯಿಯ ಮಗಳಿಗೆ ನಾವು ಈ ವರೆಗೆ ಉತ್ತರ ಬರೆದಿಲ್ಲ. ಬರೆದರೆ ಹೀಗೆ ಬರೆಯುವೆವು: ಆ ವೃದ್ಧ ದಂಪತಿಗಳ ದುಃಖವು ಸುಳ್ಳಲ್ಲ. ಬಹುಕಾಲ ಕುಳಿತ ಆಸನವು ತನ್ನದೇ ಎಂದು ಪಯಣಿಗನಿಗೆ ತೋರುವದು ಸಹಜ. ಆದರೆ ಅವರಿಗೆ ಆ ಕಂಪನಿಯು ಬೇಡವಾದರೆ ಬೇರೆ ಹಡಗುಗಳುಂಟು, ಹಡಗೇ ಬೇಡವೆಂದರೆ ಮನೆಯುಂಟು. ಬೆಳಗಿನ ಒಂದೇ ಗಾಡಿಯನ್ನು ನೆಚ್ಚಿದ ಹುಡುಗಿಗೆ ಆರಿಸಿಕೊಳ್ಳುವದಕ್ಕೆ ಏನಿದೆ? ಆಕೆ ದೂರು ಹೇಳುವದೂ ಇಲ್ಲ. ಬರುವದನ್ನು ನಿಲ್ಲಿಸುತ್ತಾಳೆ, ಅಷ್ಟೇ. ಹಾಜರಿಯ ಪುಸ್ತಕದಲ್ಲಿ ಒಂದು ಸೊನ್ನೆ ಬೀಳುತ್ತದೆ.

ಆ ಹುಡುಗಿಯು 2023ರಲ್ಲಿ ಊರಿಗೆ ಮರಳಿದಳು. ನಾವು ಪುಸ್ತಕಗಳನ್ನು ಕೊಂಡೊಯ್ದು, ಖಾಸಗಿಯಾಗಿ ಹತ್ತನೆಯ ತರಗತಿಯ ಪರೀಕ್ಷೆಗೆ ಕೂಡ್ರಬಹುದೆಂದು ಹೇಳಿದೆವು. ಪುಸ್ತಕಗಳನ್ನು ತೆಗೆದುಕೊಂಡಳು. ಅಂಗೈಗಳು ಸಿಮೆಂಟಿನಿಂದ ಒಡೆದಿದ್ದವು. ನೋಡುತ್ತೇನೆಂದಳು. ಇನ್ನೂ ನೋಡುತ್ತಿದ್ದಾಳೆ.

ಆಕೆಯ ತಂಗಿಯು ಈಗ ನಮ್ಮಲ್ಲಿ ಎಂಟನೆಯ ತರಗತಿಯಲ್ಲಿದ್ದಾಳೆ. ಪ್ರತಿ ಸೋಮವಾರ ನಾವೇ ನಿಲ್ದಾಣಕ್ಕೆ ಹೋಗಿ, ಗೋಡೆಯ ಹೇಳಿಕೆಗಳನ್ನು ಓದಿ, ಗಾಡಿಗಳ ವೇಳೆಯನ್ನೂ ಪಾಸಿನ ನಿಯಮಗಳನ್ನೂ ಬರೆದುಕೊಂಡು ಬಂದು, ಶಾಲೆಯ ಹೆಬ್ಬಾಗಿಲ ಬಳಿಯ ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆಯುತ್ತೇವೆ. ಸುವಾರ್ತೆಯ ವಾಕ್ಯ ಬರೆಯುವ ಹಲಗೆಯ ಮೇಲೆ ಇದೇನೆಂದು ಹಿರಿಯರೊಬ್ಬರು ಆಕ್ಷೇಪಿಸಿದರು, ಆದಕಾರಣ ಎರಡನೆಯ ಹಲಗೆಯನ್ನು ತರಿಸಿದೆವು. ಕಳೆದ ಸೋಮವಾರ ನಾವು ಬರೆದು ಮುಗಿಸುವಷ್ಟರಲ್ಲಿ ಆ ತಂಗಿಯು ಚೀಲವನ್ನು ಹೆಗಲಿಗೇರಿಸಿ ನಮ್ಮ ಬೆನ್ನ ಹಿಂದೆ ಬಂದು ನಿಂತು, ಹಲಗೆಯನ್ನು ಮೇಲಿಂದ ಕೆಳಗಿನವರೆಗೆ ಓದಿ, "ಅಕ್ಕೋರೆ, ಸಂಜೀ ಗಾಡಿ ಈಗ ಹತ್ತ ನಿಮಿಷ ಮೊದಲ ಬರ್ತದ. ಅದು ತಪ್ಪ ಅದ" ಎಂದಳು. ನಾವು ಸೀಮೆಸುಣ್ಣವನ್ನು ಆಕೆಯ ಕೈಗೆ ಕೊಟ್ಟೆವು.